ಎರಡು ಚೀಟಿಗಳ ಗುಳಿಗೆ ಒಂದೇ ಹೊಟ್ಟೆಗೆ ಹೋದಾಗ

ನಮ್ಮ ಅವ್ವನಿಗೆ ರುಮಟಾಯ್ಡ್ ಸಂಧಿವಾತ ಇದೆಯೆಂದು ಗೊತ್ತಾಗಿ ಕೆಲವು ವರ್ಷಗಳಾದವು. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳಿನ ಗೆಣ್ಣುಗಳು ಬಿಗಿದುಕೊಂಡಿರುತ್ತಿದ್ದವು. ಹಿಟ್ಟು ನಾದಿ ರೊಟ್ಟಿ ಬಡಿಯಬೇಕೆಂದರೆ ತಾಸುಗಟ್ಟಲೆ ಕಾಯಬೇಕಾಗುತ್ತಿತ್ತು. ಕಲಬುರಗಿಯ ಕೀಲುರೋಗ ತಜ್ಞರು ಪರೀಕ್ಷೆ ಮಾಡಿಸಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಜೊತೆಗೆ ಫೋಲಿಕ್ ಆಸಿಡ್, ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮತ್ತು ಬೆಳಗಿನ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಒಂದು ಪ್ಯಾಂಟೊಪ್ರಜೋಲ್ ಬರೆದುಕೊಟ್ಟರು. ಮೆಥೊಟ್ರೆಕ್ಸೇಟ್ ತನ್ನ ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಬಾವನ್ನು ತಡೆಹಿಡಿಯಲು ಸ್ಟಿರಾಯ್ಡ್ ಬೇಕು, ಆಮೇಲೆ ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸೋಣ ಎಂದು ಅವರು ವಿವರಿಸಿದ್ದರು. ಆ ಚಿಕಿತ್ಸೆ ಅವ್ವನಿಗೆ ಒಗ್ಗಿತು. ಕೈಯ ಬಾವು ಇಳಿಯಿತು, ಆಳಂದ ತಾಲೂಕಿನ ನಮ್ಮೂರ ಮನೆಯಲ್ಲಿ ಅವ್ವ ಮತ್ತೆ ಒಲೆಯ ಮುಂದೆ ಕುಳಿತಳು.

ಎರಡನೆಯ ಚೀಟಿ ಬಂದದ್ದು ಮೊಣಕಾಲಿನ ಕಾರಣದಿಂದ. ಅಂಗಳದಲ್ಲಿ ಕಾಲು ಜಾರಿ ಬಿದ್ದಾಗ ಬಲಗಾಲಿನ ಮೊಣಕಾಲು ಊದಿಕೊಂಡಿತು. ಊರಿಗೆ ಹತ್ತಿರದ ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಎಲುಬು ಮುರಿದಿಲ್ಲ, ಸವೆತ ಇದೆ ಎಂದು ಹೇಳಿ, ಐದು ದಿನದ ಮಟ್ಟಿಗೆ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ನೋವಿನ ಗುಳಿಗೆಯನ್ನು ದಿನಕ್ಕೆ ಎರಡು ಸಲ ತೆಗೆದುಕೊಳ್ಳಲು ಬರೆದರು. ಬೇರೆ ಯಾವ ಔಷಧ ನಡೆದಿದೆ ಎಂದು ಅವರು ಕೇಳಿದ್ದು ನಿಜ. "ಸಂದಿನ ಗುಳಗಿ ತಗೋತೀನ್ರಿ" ಎಂದು ಅವ್ವ ಉತ್ತರ ಕೊಟ್ಟಿದ್ದಳು. ಸಂದಿನ ಗುಳಿಗೆ ಎಂದರೆ ನಮ್ಮ ಕಡೆ ನೂರು ಬಗೆ. ಅದರಲ್ಲಿ ಸ್ಟಿರಾಯ್ಡ್ ಇದೆ ಎಂಬುದು ಆ ಮಾತಿನಿಂದ ತಿಳಿಯುವಂತಿರಲಿಲ್ಲ, ತಿಳಿಸಬಲ್ಲ ಫೈಲು ಮನೆಯ ಟ್ರಂಕಿನಲ್ಲಿತ್ತು.

ಐದು ದಿನದ ಗುಳಿಗೆ ಐದು ದಿನಕ್ಕೆ ಮುಗಿಯಲಿಲ್ಲ. ಖಾಲಿಯಾದ ಗುಳಿಗೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮೆಡಿಕಲ್ ಅಂಗಡಿಗೆ ಹೋಗಿ "ಇದೇ ಗುಳಗಿ ಕೊಡ್ರಿ" ಎಂದು ಕೇಳಿದರೆ ಚೀಟಿಯಿಲ್ಲದೆ ಸಿಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಕಾನೂನಿನ ಪ್ರಕಾರ ಅದು ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಔಷಧವಾಗಿದ್ದರೂ. 2006ರಲ್ಲಿ ನಮ್ಮ ಸೀಮೆಯಲ್ಲಿ ಚಿಕೂನ್‌ಗುನ್ಯಾ ಹರಡಿ ಮನೆಮನೆಯಲ್ಲೂ ಜನ ಕೀಲು ಹಿಡಿದುಕೊಂಡು ಮಲಗಿದ ದಿನಗಳಲ್ಲಿ ನೋವಿನ ಗುಳಿಗೆ ಊಟದಷ್ಟೇ ಸಹಜವಾಗಿಬಿಟ್ಟಿತು. ಆ ರೂಢಿ ಜ್ವರದ ಜೊತೆಗೆ ಹೋಗಲಿಲ್ಲ ಎಂಬುದು ನನ್ನ ಅನಿಸಿಕೆ. ಅವ್ವನಿಗೆ ಅದು ದುಡಿಮೆಯ ಪ್ರಶ್ನೆಯೂ ಆಗಿತ್ತು. "ಗುಳಗಿ ನುಂಗಿದ್ರ ನಾಕ್ ರೊಟ್ಟಿ ಬಡಿತೀನಿ, ಇಲ್ಲಂದ್ರ ಕುಂತಲ್ಲೇ ಕುಂದ್ರಬೇಕಾಗ್ತದ" ಎನ್ನುತ್ತಿದ್ದಳು. ಇದೇ ಅವಧಿಯಲ್ಲಿ ಪ್ಯಾಂಟೊಪ್ರಜೋಲ್ ನಿಂತುಹೋಯಿತು. ಅದು ಗ್ಯಾಸಿನ ಗುಳಿಗೆ, ಹೊಟ್ಟೆ ಉರಿದಾಗ ಮಾತ್ರ ಬೇಕು, ತನಗೆ ಉರಿಯಿಲ್ಲ ಎಂಬುದು ಅವ್ವನ ಲೆಕ್ಕ. ಹೊಟ್ಟೆಯ ಉರಿ ಶಮನ ಮಾಡುವುದಕ್ಕಲ್ಲದೆ ಹೊಟ್ಟೆಯ ಒಳಪದರವನ್ನು ಕಾಯುವುದಕ್ಕೂ ಅದನ್ನು ಬರೆಯುತ್ತಾರೆ ಎಂದು ಚೀಟಿಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ತೊಗರಿ ರಾಶಿಯ ದಿನಗಳು. ನಾನು ಕಲಬುರಗಿಯಲ್ಲಿ ಶಾಲೆಯ ಕೆಲಸದಲ್ಲಿದ್ದೆ, ಅಣ್ಣ ಹೊಲದಲ್ಲಿದ್ದ. ಅವ್ವ ಹೊಸ್ತಿಲು ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾಳೆ, ಮುಖ ಬಿಳಿಚಿದೆ ಎಂದು ವೈನಿ (ಅಣ್ಣನ ಹೆಂಡತಿ) ಫೋನಿನಲ್ಲಿ ಹೇಳಿದಾಗ ಎಲ್ಲರೂ ಅದನ್ನು ದಣಿವೆಂದೇ ತಿಳಿದೆವು. ಹೊಟ್ಟೆನೋವು ಇದೆಯೇ ಎಂದು ಕೇಳಿದರೆ, "ಹೊಟ್ಯಾಗ ಏನೂ ಇಲ್ಲವ್ವಾ, ಬರೇ ತೆಲಿ ಗರಗರ ಅಂತದ" ಎಂದಳು. ನಿಜವಾದ ಸುಳಿವು ಹಿಡಿದದ್ದು ವೈನಿಯೇ. ಅವ್ವನ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಹಿಂದೆಂದೂ ಇಲ್ಲದ ಕೆಟ್ಟ ವಾಸನೆಯಿಂದ ಕೂಡಿದೆ ಎಂಬುದನ್ನು ಆಕೆ ಗಮನಿಸಿದಳು, ಹೇಳಲು ಸಂಕೋಚಪಡದೆ ಅಣ್ಣನಿಗೂ ನನಗೂ ತಿಳಿಸಿದಳು. ಮಲದ ಬಣ್ಣದ ಬಗ್ಗೆ ಮಾತಾಡುವುದನ್ನು ನಮ್ಮ ಮನೆಗಳಲ್ಲಿ ಹೇಸಿಗೆ ಎಂದು ತಳ್ಳಿಹಾಕುತ್ತಾರೆ. ಆಕೆ ಹಾಗೆ ಮಾಡದಿದ್ದುದರಿಂದ ಅವ್ವ ಅದೇ ದಿನ ತಾಲೂಕಿನ ದವಾಖಾನೆಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಕಲಬುರಗಿಗೆ ಬಂದಳು.

ತುರ್ತು ವಿಭಾಗದಲ್ಲಿದ್ದ ಡಾಕ್ಟರು ಮೊದಲು ಕೆಳರೆಪ್ಪೆ ಎಳೆದು ನೋಡಿದರು, ಮಲಗಿದ್ದಾಗ ಮತ್ತು ಎಬ್ಬಿಸಿ ಕೂರಿಸಿದಾಗ ಬಿ.ಪಿ. ಅಳೆದರು. ಕೂರಿಸಿದಾಗ ಅದು ಇಳಿಯುತ್ತಿತ್ತು, ನಾಡಿ ಓಡುತ್ತಿತ್ತು. ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದರು. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಈ ಅಂಟೂ ಈ ವಾಸನೆಯೂ ಅದಕ್ಕೆ ಇರುವುದಿಲ್ಲ; ಇಂಥದ್ದು ಮೇಲಿನ ಹೊಟ್ಟೆಯಲ್ಲಿ ರಕ್ತ ಸೋರಿ, ಕರುಳಿನಲ್ಲಿ ಜೀರ್ಣವಾಗುತ್ತ ಕೆಳಗಿಳಿದಾಗ ಬರುತ್ತದೆ ಎಂದರು. ಸುಮಾರು 50ರಿಂದ 100 ಮಿಲಿಲೀಟರ್ ರಕ್ತ ಸೋರಿದರೂ ಮಲ ಹೀಗಾಗಬಲ್ಲದಂತೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6.2 ಬಂತು. ಕಿಡ್ನಿಯ ಕ್ರಿಯೇಟಿನಿನ್ ಸರಿಯಿದ್ದು ಯೂರಿಯಾ ಮಾತ್ರ ಏರಿತ್ತು. ಸೋರಿದ ರಕ್ತದಲ್ಲಿಯೂ ಪ್ರೋಟೀನ್ ಇರುವುದರಿಂದ ಅದು ಕರುಳಿನಲ್ಲಿ ಅರಗಿ ಯೂರಿಯಾ ಹೆಚ್ಚಾಗುತ್ತದೆ ಎಂದು ಅವರು ಹೇಳಿದಾಗ, ಒಂದು ಸಣ್ಣ ಅಂಕಿ ಎಷ್ಟೆಲ್ಲ ಹೇಳಬಲ್ಲದು ಎಂದು ನನಗೆ ಅಚ್ಚರಿಯಾಯಿತು.

ಆಮೇಲೆ ಅವರು ಕೇಳಿದ್ದು ಗುಳಿಗೆಗಳನ್ನು. ಅಣ್ಣ ಮನೆಯಲ್ಲಿದ್ದ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದಿದ್ದ. ಡಾಕ್ಟರು ಅದನ್ನು ಮೇಜಿನ ಮೇಲೆ ಸುರಿದು, ಪಟ್ಟಿಯ ಮೇಲಿನ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದುತ್ತ ಹೋದರು. ಪ್ರೆಡ್ನಿಸೋಲೋನ್ ಪಟ್ಟಿಯನ್ನು ಎಡಕ್ಕಿಟ್ಟರು, ಅಸಿಕ್ಲೋಫೆನಾಕ್ ಪಟ್ಟಿಗಳನ್ನು ಬಲಕ್ಕಿಟ್ಟರು. "ಇವೆರಡೂ ದಿನಾ ಕೂಡೇ ನಡದಾವೇನ್ರಿ?" ಎಂದು ಅವ್ವನನ್ನೇ ಕೇಳಿದರು. ಅವ್ವ ಹೌದೆಂದು ತಲೆಯಾಡಿಸಿದಳು. ಎರಡೂ ಚೀಟಿಗಳು ಸರಿಯಾಗಿಯೇ ಇದ್ದವು, ಒಂದೊಂದೂ ಅದರದರ ರೋಗಕ್ಕೆ ತಕ್ಕುದಾಗಿತ್ತು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಮರುದಿನ ಹೊಟ್ಟೆರೋಗದ ತಜ್ಞರು ಬಿಡಿಸಿ ಹೇಳಿದರು. ಜಠರದಲ್ಲಿರುವ ಆಮ್ಲ ಜಠರವನ್ನೇ ಸುಡದಂತೆ ಅದರ ಗೋಡೆಯ ಮೇಲೆ ಲೋಳೆಯ ಪದರವಿರುತ್ತದೆ. ಆ ಲೋಳೆ ಮತ್ತು ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ ಉತ್ಪತ್ತಿಯಾಗುವುದಕ್ಕೂ, ಗೋಡೆಗೆ ರಕ್ತ ಸರಿಯಾಗಿ ಹರಿಯುವುದಕ್ಕೂ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಬೇಕು. ಕೀಲಿನಲ್ಲಿ ನೋವು ಮತ್ತು ಬಾವು ಎಬ್ಬಿಸುವುದರಲ್ಲಿಯೂ ಇದೇ ಬಳಗದ ರಾಸಾಯನಿಕಗಳ ಕೈ ಇದೆ. ಆಸ್ಪಿರಿನ್ನಿನಂಥ ಔಷಧಗಳು ಪ್ರೊಸ್ಟಗ್ಲ್ಯಾಂಡಿನ್ ಉತ್ಪತ್ತಿಯನ್ನು ತಡೆದೇ ನೋವು ಕಳೆಯುತ್ತವೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು, ಆ ಬಗೆಯ ಸಂಶೋಧನೆಗೆ 1982ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಕೆಟೊರೊಲ್ಯಾಕ್, ಪಿರಾಕ್ಸಿಕಾಮ್, ಇಂಡೊಮೆಥಾಸಿನ್ ಎಲ್ಲವೂ ಅದೇ ದಾರಿಯವು. ಮೊಣಕಾಲಿನ ನೋವು ತಗ್ಗಿಸುವ ಗುಳಿಗೆ ಹೊಟ್ಟೆಯ ಕಾವಲನ್ನೂ ತಗ್ಗಿಸುವುದು ಈ ಕಾರಣಕ್ಕೆ.

ಸ್ಟಿರಾಯ್ಡ್ ಸೇರಿದಾಗ ಆಗುವುದು ಇನ್ನೊಂದು. ಗೋಡೆಯಲ್ಲಿ ಸಣ್ಣ ಗಾಯವಾದರೆ ಅದನ್ನು ಮಾಯಿಸುವ ದೇಹದ ಕೆಲಸವನ್ನು ಸ್ಟಿರಾಯ್ಡ್ ನಿಧಾನಗೊಳಿಸುತ್ತದೆ. ಅದರ ಜೊತೆಗೆ, ಗಾಯದ ಸುತ್ತ ಏಳಬೇಕಾದ ಉರಿಯೂತವನ್ನು ಅದು ಅಡಗಿಸುವುದರಿಂದ ನೋವಿನ ಎಚ್ಚರಿಕೆಯೂ ಮಂಕಾಗುತ್ತದೆ. ನೋವಿನ ಗುಳಿಗೆ ಅದನ್ನು ಇನ್ನಷ್ಟು ಮರೆಮಾಡುತ್ತದೆ. ವಯಸ್ಸಾದವರಲ್ಲಂತೂ ಹುಣ್ಣಿನಿಂದ ರಕ್ತ ಸೋರುವವರೆಗೆ, ಕೆಲವೊಮ್ಮೆ ಜಠರ ತೂತಾಗುವವರೆಗೆ, ಯಾವ ನೋವೂ ಕಾಣಿಸದಿರಬಹುದು. ಅವ್ವ "ಹೊಟ್ಯಾಗ ಏನೂ ಇಲ್ಲ" ಎಂದದ್ದು ಸುಳ್ಳಾಗಿರಲಿಲ್ಲ.

ಹಾಗಾದರೆ ಸ್ಟಿರಾಯ್ಡೇ ಕೆಟ್ಟದ್ದೇ ಎಂದು ನಾನು ಕೇಳಿದೆ. ಅವರು ಅಮೆರಿಕದ ಟೆನೆಸ್ಸೀ ರಾಜ್ಯದ ಹಿರಿಯ ವಯಸ್ಸಿನವರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಹೇಳಿದರು: ನೋವಿನ ಗುಳಿಗೆಯಿಲ್ಲದೆ ಸ್ಟಿರಾಯ್ಡ್ ಮಾತ್ರ ತೆಗೆದುಕೊಂಡವರಲ್ಲಿ ಹುಣ್ಣಿನ ಅಪಾಯ ಹೆಚ್ಚುಕಡಿಮೆ ಉಳಿದವರಷ್ಟೇ ಇತ್ತು, ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ, ಎರಡನ್ನೂ ತೆಗೆದುಕೊಳ್ಳದವರಿಗೆ ಹೋಲಿಸಿದರೆ, ಅದು ಸುಮಾರು 15 ಪಟ್ಟು ಇತ್ತು. ಈ ಅಂಕಿಯನ್ನು ಕೇಳಿದ ಮೇಲೆ ಅವ್ವನ ಕತೆಯ ಎಳೆ ನನಗೆ ಸ್ಪಷ್ಟವಾಯಿತು. ಅಪಾಯ ಎಡಗಡೆಯ ಪಟ್ಟಿಯಲ್ಲೂ ಪೂರ್ತಿ ಇರಲಿಲ್ಲ, ಬಲಗಡೆಯ ಪಟ್ಟಿಯಲ್ಲೂ ಪೂರ್ತಿ ಇರಲಿಲ್ಲ. ಅರವತ್ತು ದಾಟಿದ ವಯಸ್ಸು, ಹಿಂದೊಮ್ಮೆ ಹುಣ್ಣಾಗಿರುವುದು, ಹೃದಯಕ್ಕೆಂದು ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್, ರಕ್ತ ತೆಳುವಾಗಿಸುವ ಔಷಧ ಇವು ಸೇರಿದರೆ ಅಪಾಯ ಇನ್ನೂ ಏರುತ್ತದೆ.

ಅಣ್ಣ ಅಷ್ಟರಲ್ಲಿ ಎರಡೂ ಗುಳಿಗೆಗಳನ್ನು ಕಸದ ಡಬ್ಬಿಗೆ ಹಾಕಲು ಎದ್ದಿದ್ದ. ಡಾಕ್ಟರು ತಡೆದರು. ಅಸಿಕ್ಲೋಫೆನಾಕನ್ನು ಆ ಕ್ಷಣದಿಂದಲೇ ನಿಲ್ಲಿಸಬಹುದು, ನಿಲ್ಲಿಸಲೇಬೇಕು. ಆದರೆ ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ತೆಗೆದುಕೊಂಡವರ ದೇಹ ತನ್ನದೇ ಆದ ಸ್ಟಿರಾಯ್ಡನ್ನು ಉತ್ಪಾದಿಸುವುದನ್ನು ಕಡಿಮೆ ಮಾಡಿರುತ್ತದೆ, ಅದನ್ನು ಒಮ್ಮೆಲೇ ನಿಲ್ಲಿಸಿದರೆ, ಅದರಲ್ಲೂ ರಕ್ತ ಹೋಗುತ್ತಿರುವಂಥ ಹೊತ್ತಿನಲ್ಲಿ, ಬಿ.ಪಿ. ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು ಎಂದರು. ಅವ್ವ ಬಾಯಿಂದ ಏನೂ ತೆಗೆದುಕೊಳ್ಳುವಂತಿರಲಿಲ್ಲವಾದ್ದರಿಂದ ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡನ್ನು ರಕ್ತನಾಳದ ಮೂಲಕ ಕೊಟ್ಟರು. ಈ ವಿಷಯವನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಸುದ್ದಿ ಕೇಳಿ ಹೆದರಿ ಸ್ಟಿರಾಯ್ಡನ್ನು ತಾವೇ ನಿಲ್ಲಿಸಿದವರನ್ನು ಅದೇ ವಾರ್ಡಿನಲ್ಲಿ ಕಂಡಿದ್ದೇನೆ.

ರಕ್ತ ಏರಿಸಿದರು. ಅಣ್ಣನ ಗೆಳೆಯರು ಬ್ಲಡ್ ಬ್ಯಾಂಕಿಗೆ ಬಂದು ರಕ್ತ ಕೊಟ್ಟರು. ಪ್ಯಾಂಟೊಪ್ರಜೋಲನ್ನು ಮೊದಲು 80 ಮಿಲಿಗ್ರಾಂ ಒಮ್ಮೆಲೇ, ನಂತರ ಗಂಟೆಗೆ 8 ಮಿಲಿಗ್ರಾಂನಂತೆ ಯಂತ್ರದ ಮೂಲಕ ಹನಿಹನಿಯಾಗಿ ಬಿಟ್ಟರು. ಬಿ.ಪಿ. ಸ್ಥಿರವಾದ ಮೇಲೆ, ಇಪ್ಪತ್ನಾಲ್ಕು ತಾಸಿನೊಳಗೆ ಎಂಡೋಸ್ಕೋಪಿ.

ಅದರ ಬಗ್ಗೆ ಅವ್ವನಿಗೆ ಬಹಳ ಹೆದರಿಕೆಯಿತ್ತು, ಹೊಟ್ಟೆ ಕೊಯ್ಯುತ್ತಾರೆ ಎಂದೇ ತಿಳಿದಿದ್ದಳು. ನಿಜವಾಗಿ ನಡೆದದ್ದು ಹೀಗೆ: ಗಂಟಲಿಗೆ ಕಹಿಯಾದ ಲಿಗ್ನೊಕೇಯ್ನ್ ಸ್ಪ್ರೇ ಹೊಡೆದು ಮರಗಟ್ಟಿಸಿದರು, ಎಡ ಮಗ್ಗುಲಿಗೆ ಮಲಗಿಸಿದರು, ಹಲ್ಲಿನ ನಡುವೆ ತೂತಿರುವ ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಅದರೊಳಗಿಂದ ಕಿರುಬೆರಳ ದಪ್ಪದ ಕಪ್ಪು ಕೊಳವೆಯನ್ನು ಇಳಿಸಿದರು. ಒಮ್ಮೆ ಓಕರಿಕೆ ಬಂತು. "ಮೂಗಿನಿಂದ ಉಸಿರಾಡ್ರಿ ಅಮ್ಮಾ, ನುಂಗಬ್ಯಾಡ್ರಿ, ಜೊಲ್ಲು ಹೊರಗ ಬಿಡ್ರಿ" ಎನ್ನುತ್ತ ಸಿಸ್ಟರ್ ತಲೆ ಹಿಡಿದಿದ್ದರು. ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಡಾಕ್ಟರು ನನ್ನನ್ನು ಕರೆದು ತೆರೆಯ ಮೇಲೆ ತೋರಿಸಿದರು: ಜಠರದ ಕೆಳಭಾಗದಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಹುಣ್ಣು, ತಳ ಬೆಳ್ಳಗಿತ್ತು, ಸುತ್ತ ಕೆಂಪಾದ ಸಣ್ಣ ತರಚುಗಳು. ತಳದಲ್ಲಿ ರಕ್ತನಾಳ ಕಾಣುತ್ತಿದ್ದರೆ ಅಥವಾ ರಕ್ತ ಚಿಮ್ಮುತ್ತಿದ್ದರೆ ಅಲ್ಲಿಯೇ ಕ್ಲಿಪ್ ಹಾಕಬೇಕಾಗುತ್ತಿತ್ತು. ಬೆಳ್ಳಗಿನ ತಳ ಎಂದರೆ ಮತ್ತೆ ಸೋರುವ ಸಂಭವ ಕಡಿಮೆ ಎಂದರು. ಆ ಮಾತು ಕೇಳುವವರೆಗೆ ನಾನು ಕುಳಿತಿರಲಿಲ್ಲ.

ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು, ಜಠರದ ಹುಣ್ಣಿನ ವೇಷದಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಇರುತ್ತದೆ ಎಂಬ ಕಾರಣಕ್ಕೆ. ಇನ್ನೊಂದು ಚೂರನ್ನು ಹಳದಿ ಬಣ್ಣದ ಪರೀಕ್ಷಾ ಬಿಲ್ಲೆಯಲ್ಲಿಟ್ಟಾಗ ಅದು ನಮ್ಮ ಕಣ್ಣೆದುರೇ ಗುಲಾಬಿಗೆ ತಿರುಗಿತು. ಅಂದರೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವೂ ಅಲ್ಲಿತ್ತು. ಹುಣ್ಣಿಗೆ ಈ ರೋಗಾಣು ಕಾರಣವೆಂದು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಇದು ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಸದ್ದಿಲ್ಲದೆ ಇರುತ್ತದೆ. ನೋವಿನ ಗುಳಿಗೆಯೂ ಜೊತೆಗೂಡಿದಾಗ ಹುಣ್ಣಿನ ಸಂಭವ ಹೆಚ್ಚುತ್ತದೆ. ಆ ರೋಗಾಣುವಿಗೆ ಅಮಾಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ಮತ್ತು ಪ್ಯಾಂಟೊಪ್ರಜೋಲ್ ಸೇರಿದ 14 ದಿನದ ಚಿಕಿತ್ಸೆ ಬರೆದರು. ಇಲ್ಲಿಯೂ ಔಷಧಕ್ಕೆ ಔಷಧ ತಾಗುವ ಪ್ರಶ್ನೆ ಬಂತು: ಅಮಾಕ್ಸಿಸಿಲಿನ್ ಇರುವಾಗ ಮೆಥೊಟ್ರೆಕ್ಸೇಟ್ ಕಿಡ್ನಿಯಿಂದ ಹೊರಹೋಗುವುದು ನಿಧಾನವಾಗಬಹುದು. ಈ ಸಲ ಹೊಟ್ಟೆಯ ಡಾಕ್ಟರು ತಾವೇ ಕೀಲಿನ ಡಾಕ್ಟರಿಗೆ ಫೋನ್ ಮಾಡಿ, ಆ ಎರಡು ವಾರ ಮೆಥೊಟ್ರೆಕ್ಸೇಟ್ ತಡೆಹಿಡಿಯುವುದೆಂದು ಮಾತಾಡಿಕೊಂಡರು. ಆ ಒಂದು ಫೋನ್ ಕರೆಯನ್ನು ನಾನು ಆ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆಗಳಲ್ಲಿ ಒಂದೆಂದೇ ಎಣಿಸುತ್ತೇನೆ.

ವಾರ್ಡಿನಲ್ಲಿ ಅಕ್ಕಪಕ್ಕದವರು ಮಾತಿಗೆ ಬಂದಾಗ ಒಂದೇ ಬಗೆಯ ನಂಬಿಕೆಗಳು ಮತ್ತೆಮತ್ತೆ ಕೇಳಿಬಂದವು. ಊಟ ಮಾಡಿ ನುಂಗಿದರೆ ಏನೂ ಆಗುವುದಿಲ್ಲ ಎನ್ನುವವರಿದ್ದರು. ಗುಳಿಗೆ ಬೇಡ, ಸೂಜಿ ಹಾಕಿಸಿಕೊಂಡರೆ ಹೊಟ್ಟೆಗೆ ಹೋಗುವುದೇ ಇಲ್ಲವಲ್ಲ ಎನ್ನುವವರಿದ್ದರು. ಊಟದ ನಂತರ ತೆಗೆದುಕೊಂಡರೆ ಉರಿ ಸ್ವಲ್ಪ ಕಡಿಮೆಯಾಗಬಹುದು, ಹುಣ್ಣಿನ ಅಪಾಯ ತಪ್ಪುವುದಿಲ್ಲ. ಸೂಜಿಯ ಮೂಲಕ ಹೋದ ಡೈಕ್ಲೋಫೆನಾಕ್ ರಕ್ತದಲ್ಲಿ ಸೇರಿ ಜಠರದ ಗೋಡೆಯನ್ನೂ ಮುಟ್ಟುತ್ತದೆ, ಪ್ರೊಸ್ಟಗ್ಲ್ಯಾಂಡಿನ್ನನ್ನು ಅಲ್ಲಿಯೂ ತಡೆಯುತ್ತದೆ. ಗುಲಾಬಿ ಬಣ್ಣದ ಆಂಟಾಸಿಡ್ ನೀರು ಕುಡಿಯುವುದರಿಂದಲೂ ಈ ರಕ್ಷಣೆ ಸಿಗುವುದಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಹೆಸರಿಲ್ಲದ ಪೊಟ್ಟಣಗಳು. ಎರಡು ಮೂರು ಬಣ್ಣದ ಬಿಡಿ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ "ಸಂದುನೋವಿಗೆ" ಎಂದು ಕೊಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಒಂದೇ ದಿನದಲ್ಲಿ ನೋವು ಮಾಯವಾಗುವ, ಕೆಲವು ತಿಂಗಳಲ್ಲಿ ಮುಖ ದುಂಡಗೆ ಊದಿಕೊಳ್ಳುವ ಇಂಥ ಪೊಟ್ಟಣಗಳಲ್ಲಿ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇದ್ದಿರಬಹುದೆಂದು ವೈದ್ಯರು ಸಂಶಯಪಡುತ್ತಾರೆ, ಜೊತೆಯ ಗುಳಿಗೆ ಬಹುತೇಕ ನೋವಿನದೇ ಆಗಿರುತ್ತದೆ. ಅವ್ವನ ಬಳಿ ಕನಿಷ್ಠ ಹೆಸರು ಓದಬಹುದಾದ ಪಟ್ಟಿಗಳಿದ್ದವು. ಪೊಟ್ಟಣದವರ ಮನೆಯವರು ಮೇಜಿನ ಮೇಲೆ ಏನನ್ನು ಸುರಿಯಬೇಕು?

ಮನೆಗೆ ಬಂದ ಮೇಲೆ ಮೊಣಕಾಲಿನ ನೋವು ಎಲ್ಲಿಯೂ ಹೋಗಿರಲಿಲ್ಲ, ಅದಕ್ಕೊಂದು ದಾರಿ ಬೇಕಿತ್ತು. ಡಾಕ್ಟರುಗಳು ಪ್ಯಾರಾಸಿಟಮಾಲನ್ನು ದಿನಕ್ಕೆ 3 ಗ್ರಾಂ ಮೀರದಂತೆ, ಮೊಣಕಾಲಿನ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅನ್ನು ಮಿತವಾಗಿ, ಬಿಸಿನೀರಿನ ಶಾಖ ಮತ್ತು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ದಿನವೂ ಮಾಡುವಂತೆ ಹೇಳಿದರು. ಜೆಲ್ಲಿನಿಂದ ರಕ್ತಕ್ಕೆ ಸೇರುವ ಔಷಧ, ನುಂಗಿದಾಗ ಸೇರುವುದರ ಒಂದು ಸಣ್ಣ ಪಾಲು ಮಾತ್ರ. ಮೊದಮೊದಲು ಅವ್ವನಿಗೆ ಇದರಿಂದ ಸಮಾಧಾನವಾಗಲಿಲ್ಲ. ಆ ಹಿಂದಿನ ಗುಳಿಗೆಯ ವೇಗ ಇದರಲ್ಲಿ ಇರಲಿಲ್ಲ. ವೈನಿ ಪಕ್ಕದಲ್ಲಿ ಕುಳಿತು ವ್ಯಾಯಾಮ ಮಾಡಿಸಿದಳು, ಹೆಣ್ಣುಮಕ್ಕಳು ರೊಟ್ಟಿಯ ಕೆಲಸ ಹಂಚಿಕೊಂಡೆವು. ಕೀಲಿನ ಡಾಕ್ಟರು ಮೆಥೊಟ್ರೆಕ್ಸೇಟ್ ಮತ್ತೆ ಆರಂಭಿಸಿ ಪ್ರಮಾಣ ಹೆಚ್ಚಿಸಿದರು, ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಇನ್ನೊಂದು ಸಂಧಿವಾತದ ಔಷಧ ಸೇರಿಸಿದರು, ಪ್ರೆಡ್ನಿಸೋಲೋನನ್ನು 10ರಿಂದ 7.5ಕ್ಕೆ, ಅಲ್ಲಿಂದ 5ಕ್ಕೆ ಇಳಿಸುತ್ತ ಬಂದರು.

ನಾನು ಒಂದು ದೊಡ್ಡ ಹಾಳೆಯ ಮೇಲೆ ಎಲ್ಲ ಔಷಧಗಳ ಮೂಲ ಹೆಸರನ್ನು ಕನ್ನಡದಲ್ಲಿ ಬರೆದು, ಯಾವುದು ಯಾತಕ್ಕೆ, ಯಾವಾಗ ಎಂದು ನಮೂದಿಸಿ, ಪಟ್ಟಿಯಿಂದ ಕತ್ತರಿಸಿದ ಖಾಲಿ ತುಣುಕನ್ನು ಎದುರಿಗೆ ಅಂಟಿಸಿದ್ದೇನೆ. ಪ್ರೆಡ್ನಿಸೋಲೋನ್ ಮುಂದೆ "ಸ್ಟಿರಾಯ್ಡ್: ತಾನಾಗಿ ನಿಲ್ಲಿಸಬಾರದು" ಎಂದೂ, ಪ್ಯಾಂಟೊಪ್ರಜೋಲ್ ಮುಂದೆ "ಉರಿ ಇಲ್ಲದಿದ್ದರೂ, ನಾಷ್ಟಾಕ್ಕೆ ಅರ್ಧ ತಾಸು ಮುಂಚೆ" ಎಂದೂ, ಕೆಳಗೆ ಕೆಂಪಕ್ಷರದಲ್ಲಿ "ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಿತ್ತು; ನೋವಿನ ಗುಳಿಗೆ, ಸೂಜಿ ಕೊಡುವ ಮುಂಚೆ ವಿಚಾರಿಸಿ" ಎಂದೂ ಬರೆದಿದೆ. ಅವ್ವ ಹಲ್ಲಿನ ಡಾಕ್ಟರ ಬಳಿ ಹೋದಾಗ ಆ ಹಾಳೆಯೂ ಹೋಯಿತು, ಅವರು ಅದನ್ನು ಓದಿ ಐಬುಪ್ರೊಫೇನ್ ಬದಲು ಪ್ಯಾರಾಸಿಟಮಾಲ್ ಕೊಟ್ಟರು.

ಎಂಟು ವಾರ ಕಳೆದ ಮೇಲೆ ಎರಡನೆಯ ಎಂಡೋಸ್ಕೋಪಿ ಆಯಿತು. ಹುಣ್ಣು ಮಾಯ್ದು ಅಲ್ಲೊಂದು ತೆಳುವಾದ ಗೆರೆ ಉಳಿದಿತ್ತು, ಬಯಾಪ್ಸಿಯಲ್ಲಿ ಕ್ಯಾನ್ಸರಿನ ಸುಳಿವಿಲ್ಲ ಎಂದು ಮೊದಲೇ ವರದಿ ಬಂದಿತ್ತು. ರೋಗಾಣು ಹೋಗಿದೆಯೇ ಎಂದು ತಿಳಿಯಲು ಮಲದ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್ ನಿಲ್ಲಿಸದಿದ್ದರೆ ಇರುವ ರೋಗಾಣುವೂ ಇಲ್ಲವೆಂದು ಬರುವ ಸಾಧ್ಯತೆ ಇರುವುದರಿಂದ, ನೋವಿನ ಗುಳಿಗೆ ಪೂರ್ತಿ ನಿಂತಿದೆ ಎಂದು ಖಚಿತಪಡಿಸಿಕೊಂಡೇ ಡಾಕ್ಟರು ಆ ಬಿಡುವು ಕೊಟ್ಟರು. ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಈಗ ಹಿಮೋಗ್ಲೋಬಿನ್ 11 ದಾಟಿದೆ. ಪ್ರೆಡ್ನಿಸೋಲೋನ್ 2.5ಕ್ಕೆ ಬಂದಿದೆ, ಮುಂದಿನ ಭೇಟಿಯಲ್ಲಿ ಕೈಯ ಬಾವು ನೋಡಿಕೊಂಡು ಅದನ್ನು ನಿಲ್ಲಿಸಬಹುದೇ ಎಂದು ನಿರ್ಧರಿಸುತ್ತಾರೆ. ಕಣ್ಣಿಗೆ ತೊಂದರೆ ಮಾಡಬಹುದಾದ ಹೈಡ್ರಾಕ್ಸಿಕ್ಲೋರೊಕ್ವಿನ್ ನಡೆದಿರುವುದರಿಂದ ಕಣ್ಣಿನ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿಕೊಂಡು ಬರುತ್ತೇವೆ.